ಆ ರೀಲ್ಸ್ ನಾನು ಯಾಕೆ ಡಿಲೀಟ್ ಮಾಡ್ದೆ

1/9
ಉದ್ದ ಇದೆ. ಒಟ್ಟು ಒಂಬತ್ತು ಪೋಸ್ಟ್. ಈಗ ತಾಳ್ಮೆ ಇಲ್ಲ ಅಂದ್ರೆ ಸೇವ್ ಮಾಡ್ಕೊಂಡು ರಾತ್ರಿ ಓದಿ, ಆದ್ರೆ ಓದಿ. ಇದರಲ್ಲಿ ಮೊದಲ ಬೈಗುಳ ನನಗೇ.

"ಬಾಗಿಲು ಒಂದಿದ್ರೆ ಸಾಕು, ಬೆನ್ನಿನ ವರ್ಕೌಟ್ ರೆಡಿ" ಅಂತ ಎರಡು ತಿಂಗಳ ಹಿಂದೆ ಒಂದು ರೀಲ್ಸ್ ಹಾಕಿದ್ದೆ, ನೆನಪಿದೆಯಾ? ರೂಮಿನ ಬಾಗಿಲ ಹಿಡಿಗೆ ರೆಸಿಸ್ಟೆನ್ಸ್ ಬ್ಯಾಂಡ್ ಸಿಕ್ಕಿಸಿ ಎಳೀತಾ ಇದ್ದೆ. 212 ಜನ ಸೇವ್ ಮಾಡಿದ್ರಿ. ಅದಾಗಿ ಮೂರು ವಾರಕ್ಕೆ ಅದೇ ಬಾಗಿಲು, ಅದೇ ಬ್ಯಾಂಡು. ಆರನೇ ಸಲ ಎಳೆದಾಗ ಚಿಲಕ ಬಿಟ್ಟುಕೊಂಡಿತು. ಬಾಗಿಲು ನನ್ನ ಕಡೆಗೇ ತೆರೆಯೋದು. ಬ್ಯಾಂಡು ಹಿಡಿಯಿಂದ ಜಾರಿ ಬಂದು ಎಡಗಣ್ಣಿನ ಕೆಳಗೆ ಚಾಟಿ ಥರ ಬಾರಿಸ್ತು. ಒಂದು ಬೆರಳು ಮೇಲೆ ಬಿದ್ದಿದ್ರೆ ಕಣ್ಣೇ. ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ "ಪುಣ್ಯ ಮಾಡಿದ್ದೀಯಮ್ಮ" ಅಂದ್ರು. ಕಾಲೇಜಲ್ಲಿ ಮಾತ್ರ ಎಲ್ಲರಿಗೂ "ಬಸ್ಸಲ್ಲಿ ಕಂಬಿಗೆ ಹೊಡ್ಕೊಂಡೆ" ಅಂತ ಸುಳ್ಳು ಹೇಳ್ದೆ. ನಾಚಿಕೆ ಆಗಿತ್ತು.

ಆ ಬಾವು ಇಳಿಯೋ ಮೊದಲೇ ಕ್ಲಾಸಿನವಳೇ ಒಬ್ಬಳು ಮೆಸೇಜ್ ಮಾಡಿದ್ಲು: "ನಿನ್ನ ರೀಲ್ಸ್ ನೋಡಿ ನಾನೂ ನನ್ನ ತಂಗೀನೂ ಶುರು ಮಾಡಿದೀವಿ ಕಣೇ, ಥ್ಯಾಂಕ್ಸ್." ಆ ತಂಗಿಗೆ 11 ವರ್ಷ. ಅವತ್ತೇ ರಾತ್ರಿ ಅವಳಿಗೆ ಫೋನ್ ಮಾಡಿ ನಿಜ ಹೇಳ್ದೆ, ರೀಲ್ಸ್ ತೆಗೆದೆ. ಆದ್ರೆ ನಾನು ತೆಗೆದ ಮಾತ್ರಕ್ಕೆ ಮಿಕ್ಕ 211 ಜನರ ತಲೆಯಿಂದ ಅದು ಹೋಗಲ್ವಲ್ಲ. ಅದಕ್ಕೇ ಈ ಸರಣಿ.

2/9
ಮೊದಲು ಒಂದು ಗುಂಪಿಗೆ ಉತ್ತರ. "ಮನೇಲಿ ಮಾಡೋದೆಲ್ಲ ಟೈಂಪಾಸು, ಸೀರಿಯಸ್ ಇದ್ರೆ ಜಿಮ್ಮಿಗೆ ಹೋಗು" ಅನ್ನೋರೇ, ಸ್ವಲ್ಪ ಕೇಳಿ. ನಮ್ಮ ಏರಿಯಾದ ಜಿಮ್ಮಲ್ಲಿ ಲೇಡೀಸ್ ಬ್ಯಾಚ್ ಇರೋದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಆಗ ನಾನು ಲ್ಯಾಬಲ್ಲಿರ್ತೀನಿ. ಸಂಜೆ ಹೋದ್ರೆ ವ್ಯಾಯಾಮಕ್ಕಿಂತ ಜಾಸ್ತಿ ನನ್ನನ್ನೇ ನೋಡೋರು. ಫೀಸು ಬೇರೆ. ನನ್ನ ಥರದವರು ಈ ಫಾಲೋವರ್ಸಲ್ಲೇ ಎಷ್ಟೋ ಜನ ಇದ್ದೀರ ಅಂತ ಗೊತ್ತು, ನಿಮ್ಮ ಡಿಎಂ ಓದಿದ್ದೀನಿ. ನಮಗೆ ಮನೆ ಅನ್ನೋದು ಎರಡನೇ ದರ್ಜೆ ಆಯ್ಕೆ ಅಲ್ಲ. ಇರೋದೇ ಅದೊಂದು.

ಅಷ್ಟಕ್ಕೂ ಸ್ನಾಯುವಿಗೆ ಜಿಮ್ಮಿನ ವಿಳಾಸ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಭಾರ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟೇ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ಇದಕ್ಕೆ ಕನ್ನಡಿ ಗೋಡೆ ಬೇಡ, ಡಿಜೆ ಹಾಡೂ ಬೇಡ.

ಹಾಗಾಗಿ ನನ್ನ ಜಗಳ ಮನೆ ವ್ಯಾಯಾಮದ ಜೊತೆ ಅಲ್ಲ. ಅದರ ಹೆಸರಲ್ಲಿ ನಮಗೆ ಸುಳ್ಳು ಮಾರೋರ ಜೊತೆ. ಆ ಸಾಲಲ್ಲಿ ನಾನೂ ಒಂದು ತಿಂಗಳು ನಿಂತಿದ್ದೆ.

3/9
ಸುಳ್ಳು ನಂಬರ್ ಒಂದು: ಹೊಟ್ಟೆ ಕರಗಿಸೋ ಬೆಲ್ಟ್. ಬೆವರು ಬರುತ್ತೆ, ನಿಜ. ತೂಕದ ಮಷೀನಲ್ಲಿ ಮುಳ್ಳು ಸ್ವಲ್ಪ ಕೆಳಗೆ ಇಳಿಯೋದೂ ನಿಜ. ಆದ್ರೆ ಹೋಗಿದ್ದು ನೀರು. ಎರಡು ಲೋಟ ನೀರು ಕುಡಿದ್ರೆ ವಾಪಸ್ ಬರುತ್ತೆ.

ನಂಬರ್ ಎರಡು: ನಿಂತು ತಿರುಗೋ ಟಮ್ಮಿ ಟ್ವಿಸ್ಟರ್ ತಟ್ಟೆ. ಎಲ್ಲಿ ಕೊಬ್ಬು ಇದೆಯೋ ಅಲ್ಲೇ ತಿರುಗಿಸಿದ್ರೆ ಅಲ್ಲೇ ಕರಗುತ್ತೆ ಅನ್ನೋದು ಅದರ ಲೆಕ್ಕ. ದೇಹ ಹಾಗೆ ಕೆಲಸ ಮಾಡಲ್ಲ. ಕೊಬ್ಬನ್ನ ಎಲ್ಲಿಂದ ತೆಗೀಬೇಕು ಅಂತ ದೇಹ ನಮ್ಮನ್ನ ಕೇಳಲ್ಲ. ಆದ್ರೆ ಸೊಂಟವನ್ನ ಜೋರಾಗಿ ತಿರುಚಿ ತಿರುಚಿ ನೋವು ತರಿಸ್ಕೊಳ್ಳೋದು ಮಾತ್ರ ಸುಲಭ.

ನಂಬರ್ ಮೂರು, ನನಗೆ ಅತಿ ಹೆಚ್ಚು ಸಿಟ್ಟು ಬರೋದು: "21 ದಿನದಲ್ಲಿ ಪಿಸಿಓಡಿ ಮಾಯ". ವ್ಯಾಯಾಮದಿಂದ ಅದಕ್ಕೆ ಸಹಾಯ ಆಗುತ್ತೆ, ಅದು ನಿಜ. 21 ದಿನದಲ್ಲಿ ಮಾಯ ಅನ್ನೋದು ಸುಳ್ಳು. 22ನೇ ದಿನ ಆ ಹುಡುಗಿ ಮಾರಿದವರನ್ನ ಬೈಯಲ್ಲ, ತನ್ನನ್ನೇ ಬೈಕೊಳ್ತಾಳೆ, "ನಂಗೇ ಶಿಸ್ತಿಲ್ಲ" ಅಂತ. ಬ್ಯಾಂಡು ಮೂಲೆಗೆ ಹೋಗುತ್ತೆ, ಅವಳು ಅಲ್ಲಿಗೆ ಬಿಟ್ಟುಬಿಡ್ತಾಳೆ. ಈ ಸುಳ್ಳಿನ ನಿಜವಾದ ಗಾಯ ಅದೇ.

4/9
ನಮ್ಮ ತಾತ ಹುಡುಗನಾಗಿದ್ದಾಗ ಮೈಸೂರಲ್ಲಿ ಗರಡಿ ಮನೆಗೆ ಹೋಗ್ತಿದ್ರು. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ನಿಜ ಬಾಯಿ ಬಿಡಿಸಿದ್ದು ಅವರೇ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು: "ನಿನ್ನ ಉಸ್ತಾದ ಯಾರಮ್ಮ?"

ಗರಡೀಲಿ ಹೊಸಬ ಬಂದ ತಕ್ಷಣ ಗದೆ ಮುಟ್ಟೋಕೆ ಬಿಡ್ತಿರಲಿಲ್ವಂತೆ. ಮೊದಲು ಮಣ್ಣು ಅಗೆಯೋದು, ಹದ ಮಾಡೋದು. ಆಮೇಲೆ ದಂಡೆ, ಬಸ್ಕಿ. ಅದೂ ಉಸ್ತಾದ ಹೇಳಿದಷ್ಟೇ. "ಇನ್ನೂ ಹತ್ತು ಹೊಡೀತೀನಿ" ಅಂದ್ರೆ "ನಾಳೆ ಬಾ" ಅಂತಿದ್ರಂತೆ. ಜಾಸ್ತಿ ಮಾಡಿಸೋಕೆ ಯಾರು ಬೇಕಾದ್ರೂ ಸಿಗ್ತಾರೆ, ಸಾಕು ಅನ್ನೋಕೆ ಉಸ್ತಾದ ಬೇಕು ಅಂತ ತಾತನ ಮಾತು.

ನಮ್ಮ ಮನೆ ಜಿಮ್ಮಲ್ಲಿ ಎಲ್ಲಾ ಇದೆ. ಡಂಬೆಲ್ ಇದೆ, ಬ್ಯಾಂಡ್ ಇದೆ, ಮ್ಯಾಟ್ ಇದೆ, ಫೋನ್ ಸ್ಟ್ಯಾಂಡ್ ಕೂಡ ಇದೆ. ಸಾಕು ಅನ್ನೋರು ಮಾತ್ರ ಇಲ್ಲ. ಸಾಮಾನು ಕಳಿಸಿದ ಕಂಪನಿ ಅನ್ನಲ್ಲ. ರೀಲ್ಸ್ ಹಾಕೋರೂ ಅನ್ನಲ್ಲ, ಯಾಕಂದ್ರೆ ಸಾಕು ಅಂದ್ರೆ ವ್ಯೂಸ್ ಬರಲ್ಲ. ಹಾಗಾಗಿ ಆ ಕೆಲಸ ನಾವೇ ಕಲೀಬೇಕು. ಮುಂದಿನ ನಾಲ್ಕು ಪೋಸ್ಟ್ ಅದೇ.

5/9 ಭಾರ
ಹೆಚ್ಚಿನವರ ಮನೇಲಿ 2 ಕೆಜಿ ಡಂಬೆಲ್ ಇರುತ್ತೆ. ಅದು ಹಗುರ ಅನ್ನಿಸಿದ ದಿನ ಅಂಗಡಿಗೆ ಹೋಗಿ 4 ಕೆಜಿ ತರ್ತೀವಿ. "ಎರಡೇ ಕೆಜಿ ಜಾಸ್ತಿ ತಾನೇ?" ಅಲ್ಲ. ಭಾರ ಡಬಲ್ ಆಯ್ತು. 50 ಕೆಜಿ ಎತ್ತೋನಿಗೆ ನಾಳೆಯಿಂದ 100 ಎತ್ತು ಅಂದ ಹಾಗೆ. ಭುಜ ಹಿಡ್ಕೊಳ್ಳೋದು ಇಲ್ಲೇ.

ಅದರ ಬದಲು ಅದೇ 2 ಕೆಜಿಯನ್ನ 10 ಸಲದಿಂದ 12ಕ್ಕೆ, 15ಕ್ಕೆ ತಗೊಂಡು ಹೋಗಿ. ಇಳಿಸುವಾಗ ಮೂರು ಎಣಿಸಿಕೊಂಡು ನಿಧಾನಕ್ಕೆ ಇಳಿಸಿ. ಆಮೇಲೆ 3 ಕೆಜಿ. ಪ್ರತಿ ಸೆಟ್ಟನ್ನೂ "ಇನ್ನೂ ಎರಡು ಸಲ ಎತ್ತಬಹುದು" ಅನ್ನುವಾಗಲೇ ನಿಲ್ಲಿಸಿ. ಕೈ ನಡುಗೋವರೆಗೂ ಮಾಡೋದು ವಿಡಿಯೋಗೆ ಚೆನ್ನಾಗಿರುತ್ತೆ, ಒಬ್ಬರೇ ಇರೋ ರೂಮಿಗೆ ಅಲ್ಲ. ಎತ್ತುವಾಗ ಉಸಿರು ಬಿಡಿ, ಬಿಗಿ ಹಿಡಿದು ಮುಖ ಕೆಂಪು ಮಾಡ್ಕೋಬೇಡಿ.

ಪ್ಲೇಟ್ ಹಾಕೋ ಡಂಬೆಲ್ ಆದ್ರೆ ಪ್ರತಿ ಸೆಟ್ಟಿಗೂ ಮುಂಚೆ ತುದಿಯ ನಟ್ ತಿರುಗಿಸಿ ಬಿಗಿ ಮಾಡಿ. ಮಾಡ್ತಾ ಮಾಡ್ತಾ ಅದು ಸಡಿಲ ಆಗುತ್ತೆ. ಮಲಗಿ ಎದೆ ಮೇಲೆ ಎತ್ತೋದನ್ನ ಉದ್ದ ರಾಡಲ್ಲಿ ಒಬ್ಬರೇ ಮಾಡಲೇಬೇಡಿ. ರಾಡು ಎದೆ ಮೇಲೆ ಕೂತ್ರೆ ಎತ್ತೋಕೆ ಯಾರೂ ಇರಲ್ಲ. ನೆಲದ ಮೇಲೆ ಮಲಗಿ ಎರಡು ಡಂಬೆಲ್ಲಲ್ಲಿ ಮಾಡಿ. ಮೊಣಕೈ ನೆಲಕ್ಕೆ ತಾಗಿ ಭಾರ ಅಲ್ಲೇ ನಿಲ್ಲುತ್ತೆ.

ಡಂಬೆಲ್ಲೇ ಇಲ್ವಾ? ಕಾಲೇಜ್ ಬ್ಯಾಗಿಗೆ ಪುಸ್ತಕ ತುಂಬಿ, ತೂಕ ನೋಡ್ಕೊಳ್ಳಿ. ಹೀರೋ ಥರ 20 ಲೀಟರ್ ನೀರಿನ ಕ್ಯಾನ್ ತಲೆ ಮೇಲೆ ಎತ್ತಬೇಡಿ. ಅದು 20 ಕೆಜಿ, ಒಳಗೆ ನೀರು ಓಲಾಡುತ್ತೆ.

6/9 ಬಾಗಿಲು
ನಾನು ಮಾಡಿದ ತಪ್ಪು ಒಂದೇ ವಾಕ್ಯದಲ್ಲಿ: ನೀವು ಎಳೆದಾಗ ಬಾಗಿಲು ಮುಚ್ಚಿಕೊಳ್ಳಬೇಕು, ತೆರೆದುಕೊಳ್ಳಬಾರದು. ಅಂದ್ರೆ, ಆಚೆಗೆ ತಳ್ಳಿ ತೆರೆಯೋ ಬಾಗಿಲಿಗೆ ಮಾತ್ರ ಕಟ್ಟಬೇಕು. ಹಿಡಿಗೆ ಸಿಕ್ಕಿಸಬೇಡಿ. ಬಾಗಿಲ ಸಂದಿಯಲ್ಲಿ ಸಿಕ್ಕಿಸೋಕೆ ಅಂತಲೇ ದಪ್ಪ ಗುಂಡು ಇರೋ ಪಟ್ಟಿ ಸಿಗುತ್ತೆ, ಅದನ್ನ ಬಳಸಿ. ಒಳಗಿಂದ ಬೋಲ್ಟ್ ಹಾಕಿ, ಮನೆಯವರಿಗೆ ಹೇಳಿ. ತಮ್ಮ ಚಾರ್ಜರ್ ಕೇಳ್ಕೊಂಡು ಬಾಗಿಲು ನೂಕಿದ್ರೆ ಕಥೆ ಮುಗೀತು.

ಪ್ರತಿ ಸಲ ಬ್ಯಾಂಡನ್ನ ಬೆಳಕಿಗೆ ಹಿಡಿದು ಎಳೆದು ನೋಡಿ. ಸಣ್ಣ ಬಿರುಕು ಕಂಡ್ರೆ ಬಿಸಾಕಿ. ಅಂಟಿಸಿ, ಗಂಟು ಹಾಕಿ ಬಳಸಬೇಡಿ. ಬಿಸಿಲಲ್ಲಿ ಬಿಟ್ರೆ ರಬ್ಬರ್ ಬೇಗ ಹಾಳಾಗುತ್ತೆ, ತಾರಸಿ ತಂತಿ ಮೇಲೆ ನೇತುಹಾಕಬೇಡಿ. ಮುಖದ ನೇರಕ್ಕೆ ಎಳೀಬೇಡಿ.

ಬಾಗಿಲ ಚೌಕಟ್ಟಿಗೆ ತಿರುಗಿಸಿ ಬಿಗಿಯೋ ಪುಲ್‌ಅಪ್ ರಾಡು ಇರೋರು: ಬಾಡಿಗೆ ಮನೆಯ ತೆಳು ಚೌಕಟ್ಟನ್ನ ನಂಬಬೇಡಿ. ಮೊದಲು ಕಾಲು ನೆಲದ ಮೇಲೇ ಇಟ್ಟು ಅರ್ಧ ಭಾರ ಬಿಟ್ಟು ನೋಡಿ. ಅದು ಪ್ರತಿ ದಿನವೂ. ಮತ್ತೆ ಮೇಲೆ ನೋಡಿ: ಫ್ಯಾನ್. ಹಾರೋ ಮುಂಚೆ, ಕೈ ಎತ್ತೋ ಮುಂಚೆ. ಟೈಲ್ಸ್ ನೆಲದ ಮೇಲೆ ಸಾಕ್ಸ್ ಹಾಕ್ಕೊಂಡು ಮಾಡಬೇಡಿ, ಜಾರುತ್ತೆ.

7/9 ಟ್ರೆಡ್‌ಮಿಲ್
ನಮ್ಮ ಚಿಕ್ಕಪ್ಪನ ಮನೆ ಟ್ರೆಡ್‌ಮಿಲ್ ಮೇಲೆ ಈಗ ಒಗೆದ ಬಟ್ಟೆ ಒಣಗುತ್ತೆ. ನಗಬೇಡಿ, ನಿಮ್ಮನೇದೂ ಅದೇ ಕಥೆ. ಆದ್ರೆ ಅದಕ್ಕೆ ಕೊಟ್ಟಿದ್ದ ಕೆಂಪು ದಾರದ ಕೀ ಎಲ್ಲಿ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಆ ಕ್ಲಿಪ್ಪನ್ನ ಬಟ್ಟೆಗೆ ಸಿಕ್ಕಿಸ್ಕೊಂಡ್ರೆ, ನೀವು ಬಿದ್ದ ಕ್ಷಣ ಕೀ ಕಿತ್ತು ಬಂದು ಮಷೀನ್ ನಿಲ್ಲುತ್ತೆ. ಅದಿರೋದೇ ಅದಕ್ಕೆ.

ಶುರು ಮಾಡುವಾಗ ಪಕ್ಕದ ಪಟ್ಟಿ ಮೇಲೆ ನಿಂತು, ಬೆಲ್ಟ್ ನಿಧಾನಕ್ಕೆ ತಿರುಗಿದ ಮೇಲೆ ಕಾಲಿಡಿ. ಹಿಂದೆ ಆರೂವರೆ ಅಡಿ ಖಾಲಿ ಇರಲಿ. ಗೋಡೆಗೆ ಬೆನ್ನು ಮಾಡಿಟ್ರೆ, ಜಾರಿದೋರು ಬೆಲ್ಟಿಗೂ ಗೋಡೆಗೂ ಮಧ್ಯೆ ಸಿಕ್ಕಿಹಾಕ್ಕೊಳ್ತಾರೆ. ಕರೆಂಟ್ ಹೋಗೋ ಏರಿಯಾ ಆದ್ರೆ ಜೋರು ಓಟ ಬೇಡ, ಕಂಬಿ ಕೈಗೆ ಸಿಗೋ ಹಾಗಿರಲಿ.

ಮನೇಲಿ ಮಕ್ಕಳಿದ್ರೆ ಇದು ತಮಾಷೆ ಅಲ್ಲ. 2021ರ ಏಪ್ರಿಲಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಪೆಲೊಟಾನ್ ಕಂಪನಿಯ ಟ್ರೆಡ್ ಪ್ಲಸ್ ಬಗ್ಗೆ ಎಚ್ಚರಿಕೆ ಕೊಟ್ಟಿತು, ಮಕ್ಕಳನ್ನ ಅಡಿಗೆ ಎಳ್ಕೊಳ್ತಿದೆ ಅಂತ. ಒಂದು ಮಗು ಸತ್ತೇ ಹೋಗಿತ್ತು. ಕಂಪನಿ ಮೊದಲು ಆ ಎಚ್ಚರಿಕೆ ಸರಿಯಿಲ್ಲ ಅಂತ ವಾದ ಮಾಡ್ತು. ಮೇ ತಿಂಗಳಲ್ಲಿ ತಪ್ಪಾಯ್ತು ಅಂತ ಒಪ್ಪಿಕೊಂಡು ಸುಮಾರು 1,25,000 ಮಷೀನ್ ವಾಪಸ್ ಪಡೆಯೋದಾಗಿ ಹೇಳ್ತು. ಅಷ್ಟು ದುಬಾರಿ ಮಷೀನಿನ ಕಥೆಯೇ ಹೀಗಾದ್ರೆ, ಆಫರಲ್ಲಿ ತಂದ ನಮ್ಮದನ್ನ ಕಣ್ಣು ಮುಚ್ಚಿ ನಂಬೋದು ಹೇಗೆ? ಮುಗಿದ ಮೇಲೆ ಪ್ಲಗ್ ಕೀಳಿ, ಕೀ ಬೀರುವಿನಲ್ಲಿಡಿ.

8/9 ನೋವು
"ನೋವಿಲ್ಲದೆ ಲಾಭ ಇಲ್ಲ" ಅಂತ ಟೀ ಶರ್ಟ್ ಮೇಲೆ ಬರ್ಕೊಂಡು ಓಡಾಡೋರೇ, ಯಾವ ನೋವು ಅಂತಾನೂ ಬರೀರಿ.

ಹೊಸ ವ್ಯಾಯಾಮದ ಮಾರನೇ ದಿನ, ಮೂರನೇ ದಿನ ಸ್ನಾಯು ಎಲ್ಲಾ ಕಡೆ ಮಂದವಾಗಿ ನೋಯೋದು, ಮೆಟ್ಟಿಲಿಳಿಯುವಾಗ ಅಯ್ಯಪ್ಪಾ ಅನ್ನೋದು ಸಹಜ. ತಾನೇ ಹೋಗುತ್ತೆ. ಕೀಲಲ್ಲಿ ಚುಚ್ಚೋ ನೋವು, ಒಂದೇ ಜಾಗದಲ್ಲಿ ಚಳಕ್ ಅನ್ನೋದು, ಊತ, ಕೈಕಾಲು ಜೋಮು ಸಹಜ ಅಲ್ಲ, ನಿಲ್ಲಿಸಿ. ಎದೆ ಬಿಗಿತ, ತಲೆಸುತ್ತು, ಕಣ್ಣು ಕತ್ತಲೆ ಬಂದ್ರೆ ಆ ಕ್ಷಣ ಕೂತ್ಕೊಳ್ಳಿ, ಮನೆಯವರನ್ನ ಕರೀರಿ, ಡಾಕ್ಟರ್ ಹತ್ರ ಹೋಗಿ. ಮೊದಲೇ ಹೃದಯ, ಬೆನ್ನು, ಮಂಡಿ ತೊಂದರೆ ಇದ್ರೆ ಡಾಕ್ಟರನ್ನ ಕೇಳಿಯೇ ಶುರು ಮಾಡಿ.

ನನ್ನ ಈಗಿನ ವಾರ ಹೇಳ್ತೀನಿ. ಸೋಮ, ಬುಧ, ಶುಕ್ರ: ಮೊದಲು 5ರಿಂದ 10 ನಿಮಿಷ ಮೈ ಬೆಚ್ಚಗಾಗೋ ಹಾಗೆ ನಡಿಗೆ, ಕೈ ಬೀಸೋದು. ಆಮೇಲೆ ಬಸ್ಕಿ, ಗೋಡೆಗೆ ಅಥವಾ ಮೇಜಿಗೆ ಕೈಯಿಟ್ಟು ದಂಡೆ, ಬ್ಯಾಂಡ್ ಎಳೆಯೋದು, ಭಾರ ಹಿಡಿದು ರೂಮಲ್ಲಿ ನಡೆಯೋದು. ಒಂದೊಂದೂ ಎರಡು ಮೂರು ಸೆಟ್. ಒಟ್ಟು 35 ನಿಮಿಷ. ಮಿಕ್ಕ ದಿನ ಅರ್ಧ ಗಂಟೆ ಜೋರು ನಡಿಗೆ, ಭಾನುವಾರ ರಜೆ. ಅಷ್ಟೇ. ಇದನ್ನ ರೀಲ್ಸ್ ಮಾಡಿದ್ರೆ ಯಾರೂ ನೋಡಲ್ಲ. ಆದ್ರೆ ಐದು ವಾರದಿಂದ ಒಂದು ದಿನವೂ ತಪ್ಪಿಲ್ಲ. ನನ್ನ ಹಳೇ ಚಾಲೆಂಜ್ ಯಾವುದೂ ಎರಡನೇ ವಾರ ದಾಟಿರಲಿಲ್ಲ.

9/9
"ಇಷ್ಟು ಹೆದರಿಸಿದ್ರೆ ಯಾರು ತಾನೇ ಶುರು ಮಾಡ್ತಾರೆ?" ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. ಸುಮ್ನೆ ಕೂತಿರೋದೂ ಸೇಫ್ ಅಲ್ಲ, ಅದು ಒಳಗೊಳಗೇ ಕೊರೆಯುತ್ತೆ. ನಾನು ಹೇಳ್ತಿರೋದು ಮಾಡಬೇಡಿ ಅಂತಲ್ಲ, ನಾಳೆಯೂ ಮಾಡೋಕಾಗೋ ಹಾಗೆ ಇವತ್ತು ಮಾಡಿ ಅಂತ. ಜಿಮ್ಮಿಗೆ ಹೋಗೋನು ಪೆಟ್ಟು ಮಾಡ್ಕೊಂಡ್ರೆ "ರೆಸ್ಟ್ ತಗೋ" ಅಂತಾರೆ. ನಾವು ಹುಡುಗೀರು ಮನೇಲಿ ಪೆಟ್ಟು ಮಾಡ್ಕೊಂಡ್ರೆ "ಇದೆಲ್ಲ ನಿಂಗ್ಯಾಕೆ ಬೇಕಿತ್ತು" ಅಂತಾರೆ, ಬ್ಯಾಂಡ್ ಕಿತ್ಕೊಂಡು ಅಟ್ಟಕ್ಕೆ ಹಾಕ್ತಾರೆ. ನಮ್ಮ ಮನೇಲೂ ಆ ಮಾತು ಬಂತು. ತಾತ ಅಡ್ಡ ಬಂದಿದ್ದಕ್ಕೆ ಉಳೀತು. ಎಲ್ಲರ ಮನೇಲೂ ತಾತ ಇರಲ್ಲ.

ಇನ್ನು ವರ್ಕೌಟ್ ವಿಡಿಯೋ ಹಾಕೋ ನನ್ನ ಗೆಳೆಯ ಗೆಳತಿಯರಿಗೆ, ಜಗಳ ಅಂದ್ರೆ ಜಗಳ ಅಂತಲೇ ತಿಳ್ಕೊಳ್ಳಿ: ಭಾರ ಎಷ್ಟು ಅಂತ ಬರೀರಿ. ಎಷ್ಟು ತಿಂಗಳಿಂದ ಮಾಡ್ತಿದ್ದೀರ ಅಂತ ಬರೀರಿ. ಎಲ್ಲಿ ನಿಲ್ಲಿಸಬೇಕು ಅಂತ ಬರೀರಿ. ಎಡವಿದ ಟೇಕನ್ನೂ ಒಂದು ಸಲ ಹಾಕಿ. ಅಷ್ಟೂ ಆಗಲ್ಲ ಅಂದ್ರೆ ಡ್ಯಾನ್ಸ್ ಹಾಕಿ, ಲೈಕ್ ಮಾಡ್ತೀನಿ. ಯಾರದೋ 11 ವರ್ಷದ ತಂಗಿ ನಿಮ್ಮನ್ನ ನೋಡಿ ಬಾಗಿಲಿಗೆ ಬ್ಯಾಂಡ್ ಕಟ್ಟೋದು ನಿಮಗೆ ಕಾಣಲ್ಲ.

ನನ್ನ ಹಳೇ ರೀಲ್ಸ್ ಯಾರಿಗಾದ್ರೂ ಕಳಿಸಿದ್ರಾ? ಅವರಿಗೇ ಇದನ್ನೂ ಕಳಿಸಿ. ಮತ್ತೆ ಇವತ್ತು ಮನೆಗೆ ಹೋದ ತಕ್ಷಣ ಒಂದು ಕೆಲಸ ಮಾಡಿ: ನಿಮ್ಮ ರೂಮಿನ ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ನೋಡಿ ಕಾಮೆಂಟಲ್ಲಿ ಹೇಳಿ.

#ಮನೆಯೇಜಿಮ್ #ಸಾಕುಅನ್ನೋದುಕಲಿ #ಕನ್ನಡಫಿಟ್ನೆಸ್