ಬ್ಯಾರೆಟ್ ಇಲ್ಲದ್ದನ್ನಷ್ಟೇ ಕೇಳಿಸಿಕೊಂಡವರಿಗೆ

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಎರಡನೆಯ ಆಲ್ಬಮ್ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 1968ರ ಜೂನ್ ಕೊನೆಯಲ್ಲಿ. ಅದೇ ವರ್ಷ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಜಿಮ್ ಮಿಲ್ಲರ್ ತೀರ್ಪು ಕೊಟ್ಟರು. ಮೊದಲನೆಯ ಆಲ್ಬಮ್ಮಿನಷ್ಟು ಸ್ವಾರಸ್ಯ ಇದರಲ್ಲಿಲ್ಲ, ಇದು ಸಾಧಾರಣ ಸರಕು, ಮೊದಲ ಆಲ್ಬಮ್ಮಿನ ಬಹುಪಾಲು ಹಾಡು ಬರೆದಿದ್ದ ಸಿಡ್ ಬ್ಯಾರೆಟ್‌ನ ಪಾಲು ತೀರಾ ಕಡಿಮೆಯಾಗಿದೆ ಎಂಬುದು ಅವರ ದೂರು. ಬ್ರಿಟನ್ನಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಶೀರ್ಷಿಕೆಯ ಕೃತಿಯನ್ನು ಉದ್ದದ್ದು, ಬೇಸರದ್ದು ಎಂದು ತಳ್ಳಿಹಾಕಿತು. ಅಂದಿನ ಈ ಎರಡು ಮಾತುಗಳು ಇಂದಿಗೂ ಸವೆದಿಲ್ಲ. ರಾಕ್ ಸಂಗೀತವನ್ನು ಶ್ರದ್ಧೆಯಿಂದ ಕೇಳುವವರು ಕೂಡ ಬ್ಯಾರೆಟ್ ಇದ್ದ ಆ ಮೊದಲ ಆಲ್ಬಮ್ಮಿನಿಂದ ನೇರವಾಗಿ 1973ರ 'ಡಾರ್ಕ್ ಸೈಡ್ ಆಫ್ ದ ಮೂನ್'ಗೆ ಜಿಗಿಯುತ್ತಾರೆ. ನಡುವಿನದನ್ನು ಕೇಳದೆಯೇ ಅದು ಗೊಂದಲದ ಕಾಲ ಎನ್ನುತ್ತಾರೆ. ಈ ತೀರ್ಪು ತಪ್ಪು ಎಂದು ನಾನು ನಂಬಿದ್ದೇನೆ. ಆರೋಪಗಳನ್ನು ಒಂದೊಂದಾಗಿಯೇ ನೋಡೋಣ.

ಬ್ಯಾಂಡಿನ ಪ್ರತಿಭೆಯೆಲ್ಲ ಬ್ಯಾರೆಟ್‌ನದು, ಅವನು ಹೋದ ಮೇಲೆ ಉಳಿದವರಿಗೆ ದಿಕ್ಕೇ ಇರಲಿಲ್ಲ ಎಂಬುದು ಮೊದಲನೆಯದು. ಪತ್ರಿಕೆಯವರಿಗಿಂತ ಮೊದಲೇ ಹೀಗೆ ಯೋಚಿಸಿದವರಿದ್ದಾರೆ. ಬ್ಯಾಂಡಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಪೀಟರ್ ಜೆನ್ನರ್ ಮತ್ತು ಆಂಡ್ರ್ಯೂ ಕಿಂಗ್ 1968ರಲ್ಲಿ ಬ್ಯಾಂಡೂ ಬ್ಯಾರೆಟ್ಟೂ ಬೇರೆಯಾದಾಗ ಬ್ಯಾರೆಟ್‌ನ ಜೊತೆಗೆ ಹೋದರು. ಅವರ ಲೆಕ್ಕಾಚಾರಕ್ಕೆ ಕಾರಣವಿತ್ತು. ಬ್ಯಾಂಡಿಗೆ ಹೆಸರು ತಂದ 'ಸೀ ಎಮಿಲಿ ಪ್ಲೇ' ಬರೆದವನು ಅವನು. ಮೊದಲ ಆಲ್ಬಮ್ಮಿನ ಬಹುಪಾಲು ಹಾಡುಗಳೂ ಅವನವೇ.

ಆದರೆ 1967ರ ಕೊನೆಯ ಹೊತ್ತಿಗೆ ಪರಿಸ್ಥಿತಿ ಹೇಗಿತ್ತು? ನವೆಂಬರಿನಲ್ಲಿ ಬಂದ 'ಆ್ಯಪಲ್ಸ್ ಆ್ಯಂಡ್ ಆರೆಂಜಸ್' ಬ್ಯಾರೆಟ್‌ನದೇ ರಚನೆ, ಬ್ರಿಟನ್ನಿನ ಜನಪ್ರಿಯ ಪಟ್ಟಿಯ ಅಂಚಿಗೂ ಅದು ಬರಲಿಲ್ಲ. ವೇದಿಕೆಯ ಮೇಲೆ ಅವನು ಇಡೀ ಹೊತ್ತು ಒಂದೇ ಸ್ವರ ಮೀಟುತ್ತಲೋ, ಏನೂ ನುಡಿಸದೆಯೋ ನಿಂತುಬಿಡುತ್ತಿದ್ದ. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್‌ನನ್ನು ಸೇರಿಸಿಕೊಂಡು ಐವರು ಕೆಲವು ಕಾರ್ಯಕ್ರಮ ಕೊಟ್ಟರು. 1968ರ ಜನವರಿಯಲ್ಲಿ ಸೌತಾಂಪ್ಟನ್ನಿನ ಕಾರ್ಯಕ್ರಮಕ್ಕೆ ಹೊರಟವರು ದಾರಿಯಲ್ಲಿ ಬ್ಯಾರೆಟ್‌ನನ್ನು ಹತ್ತಿಸಿಕೊಳ್ಳಲಿಲ್ಲ. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುತ್ತಿದ್ದ ಗೆಳೆಯನನ್ನು ಹಾಗೆ ಬಿಟ್ಟುಹೋದದ್ದು ನನಗೂ ನೋವಿನ ಸಂಗತಿಯೇ, ಅದನ್ನು ಸಮರ್ಥಿಸಲು ನಾನು ಕೂತಿಲ್ಲ. ಆದರೆ ಅದರ ಸಿಟ್ಟನ್ನು ಈ ಆಲ್ಬಮ್ಮಿನ ಮೇಲೆ ತೀರಿಸಿಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಉಳಿದವರು ಬ್ಯಾರೆಟ್‌ನ ದಾರಿಯಲ್ಲೇ ಮುಂದುವರಿಯಬೇಕಿತ್ತು ಎನ್ನುವವರು ಒಂದನ್ನು ಗಮನಿಸಬೇಕು. ಅದನ್ನೂ ಅವರು ಮಾಡಿ ನೋಡಿದರು. 1968ರ ಏಪ್ರಿಲ್‌ನಲ್ಲಿ ಬ್ಯಾಂಡಿನ ರಿಚರ್ಡ್ ರೈಟ್ ಬರೆದ 'ಇಟ್ ವುಡ್ ಬಿ ಸೋ ನೈಸ್' ಸಿಂಗಲ್ ಆಗಿ ಬಂತು. ಲವಲವಿಕೆಯ ರಾಗ, ಇಂಗ್ಲಿಷ್ ದಿನಚರಿಯ ಚಿತ್ರ, ಎಲ್ಲವೂ ಬ್ಯಾರೆಟ್ ಮಾದರಿಯೇ. ಯಾರೂ ಕಿವಿಗೊಡಲಿಲ್ಲ. ಈ ಆಲ್ಬಮ್ಮಿನಲ್ಲೂ ಅತಿ ಸಪ್ಪೆಯಾದ ಹಾಡು ರೈಟ್‌ನ 'ಸೀ-ಸಾ', ಬಾಲ್ಯದ ನೆನಪನ್ನು ಬ್ಯಾರೆಟ್ ಧಾಟಿಯಲ್ಲಿ ಹೇಳಲು ಹೊರಟದ್ದು. ಸ್ಟುಡಿಯೋ ದಾಖಲೆಯಲ್ಲಿ ಅವರೇ ಅದನ್ನು ತಾವು ಕೇಳಿದ ಅತ್ಯಂತ ಬೇಸರದ ಹಾಡುಗಳ ಸಾಲಿಗೆ ಸೇರಿಸಿ ಹೆಸರಿಟ್ಟಿದ್ದರು. ಅಂದರೆ ವಿಮರ್ಶಕರು ಏನನ್ನು ಬೇಡಿದರೋ ಅದನ್ನು ಕೊಡಲು ಹೋದಲ್ಲೇ ಆಲ್ಬಮ್ ಸೋತಿದೆ. ಅವರು ಬೇಡದ್ದನ್ನು ಮಾಡಿದಲ್ಲಿ ಗೆದ್ದಿದೆ.

ಮೊದಲ ಆಲ್ಬಮ್ಮನ್ನೂ ಅವರು ಅರ್ಧವಷ್ಟೇ ನೆನಪಿಟ್ಟುಕೊಂಡಿದ್ದಾರೆ. ಬೆದರುಬೊಂಬೆಗಳ, ಬೆಕ್ಕುಗಳ ಹಾಡುಗಳ ನಡುವೆ ಅಲ್ಲಿ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ಇದೆ. ಸುಮಾರು ಹತ್ತು ನಿಮಿಷ, ಒಂದೇ ಒಂದು ಮಾತಿಲ್ಲ. ಲಂಡನ್ನಿನ ಯುಎಫ್‌ಒ ಕ್ಲಬ್ಬಿನಲ್ಲಿ ಬಣ್ಣದ ಬೆಳಕಿನ ಕೆಳಗೆ ಜನ ಕೇಳಲು ಬರುತ್ತಿದ್ದದ್ದು ಅಂಥದ್ದನ್ನೇ. ಬ್ಯಾರೆಟ್ ಹುಟ್ಟುಹಾಕಿದ ಆ ಅರ್ಧವನ್ನು ಎರಡನೆಯ ಆಲ್ಬಮ್ ಕೈಬಿಟ್ಟಿಲ್ಲ, ಬೆಳೆಸಿದೆ. ಇನ್ನು ಅವನೇ ಇಲ್ಲ ಎಂಬ ಮಾತು. ಮೂರು ಹಾಡುಗಳಲ್ಲಿ ಅವನ ಕೈಯಿದೆ. 'ರಿಮೆಂಬರ್ ಎ ಡೇ'ಯಲ್ಲಿ ತಂತಿಯ ಮೇಲೆ ಜಾರುತ್ತಾ ಅಳುವ ಗಿಟಾರ್ ಅವನದು. 'ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್' ಬ್ಯಾಂಡಿನ ಐವರ ಕೈಯೂ ಬಿದ್ದ ಹಾಡು.

ಎರಡನೆಯ ಆರೋಪ ನನಗೆ ಹೆಚ್ಚು ಮುಖ್ಯ, ಏಕೆಂದರೆ ಅದು ಸಂಗೀತದ ಬಗ್ಗೆಯೇ ಇದೆ. ಸುಮಾರು ಹನ್ನೆರಡು ನಿಮಿಷದ ಶೀರ್ಷಿಕೆ ಕೃತಿಗೆ ಗುರಿಯಿಲ್ಲ, ಸುಮ್ಮನೆ ಎಳೆದಿದ್ದಾರೆ ಎಂಬುದು ಆ ಆರೋಪ. ಎಳೆದದ್ದೋ ಕಟ್ಟಿದ್ದೋ ಎಂದು ತಿಳಿಯಲು ಅದು ತಯಾರಾದ ಬಗೆಯನ್ನು ನೋಡಬೇಕು. ಬ್ಯಾಂಡಿನ ರೋಜರ್ ವಾಟರ್ಸ್ ಮತ್ತು ನಿಕ್ ಮೇಸನ್ ಇಬ್ಬರೂ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕಿನಲ್ಲಿ ವಾಸ್ತುಶಿಲ್ಪ ಓದಿದವರು. ಈ ಕೃತಿಯನ್ನು ಅವರು ಸ್ವರಲಿಪಿಯಲ್ಲಿ ಬರೆಯಲಿಲ್ಲ. ಕಟ್ಟಡದ ನಕ್ಷೆಯಂತೆ ಕಾಗದದ ಮೇಲೆ ಏರು, ತಗ್ಗು, ಶಿಖರ ಎಂದು ಗೆರೆ ಎಳೆದು ನಾಲ್ಕು ಭಾಗ ಮಾಡಿಕೊಂಡರು.

ಮೊದಲ ಭಾಗದಲ್ಲಿ ಕೇಳುವ ಆ ಗುಂಯ್‌ಗುಡುವ ನಾದ ಯಾವ ವಾದ್ಯದ್ದೆಂದು ಮೊದಲ ಬಾರಿಗೆ ಗೊತ್ತಾಗುವುದಿಲ್ಲ. ಅದು ಸಿಂಬಲ್. ಕೋಲಿನಿಂದ ಬಡಿದದ್ದಲ್ಲ, ಮೈಕನ್ನು ಅಂಚಿಗೆ ತೀರಾ ಹತ್ತಿರ ಹಿಡಿದು ಮೆಲ್ಲಗೆ ತಟ್ಟಿದ್ದು. ಸಾಮಾನ್ಯವಾಗಿ ಕಿವಿಗೆ ಬೀಳದ ಲೋಹದ ಒಳದನಿ ಹಾಗೆ ಹೊರಬಂದಿದೆ. ಎರಡನೆಯ ಭಾಗದಲ್ಲಿ ಮೇಸನ್ ನುಡಿಸಿದ ಒಂದು ಡ್ರಮ್ ತುಣುಕು ಟೇಪಿನ ಸುತ್ತಾಗಿ ಮತ್ತೆ ಮತ್ತೆ ತಿರುಗುತ್ತದೆ. ಅದರ ಮೇಲೆ ರೈಟ್ ಪಿಯಾನೋವನ್ನು ಮುಷ್ಟಿಯಿಂದ ಗುದ್ದುತ್ತಾನೆ. ಗಿಲ್ಮೋರ್ ಗಿಟಾರನ್ನು ನೆಲದ ಮೇಲಿಟ್ಟು ಮೈಕ್ ಸ್ಟ್ಯಾಂಡಿನ ಕಾಲನ್ನು ತಂತಿಗಳ ಮೇಲೆ ಹಿಂದೆ ಮುಂದೆ ಎಳೆಯುತ್ತಾನೆ. ಡ್ರಮ್ಮಿನ ಸುತ್ತು ಮಾತ್ರ ಅಲ್ಲಾಡುವುದಿಲ್ಲ, ಉಳಿದದ್ದೆಲ್ಲ ಅದಕ್ಕೆ ಅಪ್ಪಳಿಸಿ ಒಡೆಯುತ್ತದೆ. ಆಮೇಲೆ ಸದ್ದು ಕುಸಿದು, ಕತ್ತಲಂತೆ ಒಂದು ಗುಡುಗು ಉಳಿದು, ಅದರೊಳಗಿಂದ ಆರ್ಗನ್ ಎದ್ದುಬರುತ್ತದೆ. ಒಂದೇ ಸ್ವರಕ್ರಮ ಸುತ್ತಿ ಸುತ್ತಿ ಮೇಲೇರುತ್ತದೆ, ಕೊನೆಗೆ ಮಾತಿಲ್ಲದ ಮನುಷ್ಯ ಕಂಠಗಳು ಸೇರಿಕೊಳ್ಳುತ್ತವೆ. ಯುದ್ಧ, ಅದರ ನಂತರದ ಪಾಳು, ಸತ್ತವರಿಗಾಗಿ ಶೋಕ ಎಂದು ಬ್ಯಾಂಡಿನವರೇ ಇದನ್ನು ವಿವರಿಸಿದ್ದುಂಟು. ಆ ವಿವರಣೆ ಇಲ್ಲದಿದ್ದರೂ ಕೊನೆಯ ಭಾಗ ಎದೆಗೆ ತಾಕುತ್ತದೆ. ಮೊದಲ ಒಂಬತ್ತು ನಿಮಿಷದ ಕರ್ಕಶ ಇಲ್ಲದೆ ಹೋಗಿದ್ದರೆ ಆ ಮೂರು ನಿಮಿಷಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ. ಮುಂಚೆಯೇ ಕಿವಿ ಮುಚ್ಚಿಕೊಂಡವರಿಗೆ ಅದು ದಕ್ಕದೆ ಹೋದದ್ದಕ್ಕೆ ಕೃತಿ ಹೊಣೆಯಲ್ಲ.

ನಿರ್ಮಾಪಕ ನಾರ್ಮನ್ ಸ್ಮಿತ್ ಅವರಿಗೂ ಇದು ಹಿಡಿಸಲಿಲ್ಲ ಎಂಬುದನ್ನು ವಿರೋಧಿಗಳು ಸಾಕ್ಷಿಯಾಗಿ ತರುತ್ತಾರೆ. ನಿಜ, ಹಿಡಿಸಲಿಲ್ಲ. ಬೀಟಲ್ಸ್‌ನ ಮೊದಮೊದಲ ಆಲ್ಬಮ್ಮುಗಳಿಗೆ ಧ್ವನಿಮುದ್ರಣ ಎಂಜಿನಿಯರ್ ಆಗಿದ್ದವರು ಅವರು. ಇಂಥದ್ದನ್ನೆಲ್ಲ ಮುಗಿಸಿ ಮತ್ತೆ ಮೂರು ನಿಮಿಷದ ಹಾಡಿಗೆ ಮರಳಬೇಕು ಎಂಬುದು ಅವರ ನಿಲುವಾಗಿತ್ತು. ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. 'ರಿಮೆಂಬರ್ ಎ ಡೇ'ಗೆ ಬೇಕಾದ ತಾಳ ಮೇಸನ್ನನಿಗೆ ಕೂಡಿಬರದಾಗ ತಾವೇ ಡ್ರಮ್ಸ್ ಮುಂದೆ ಕೂತು ನುಡಿಸಿಕೊಟ್ಟವರು ಅವರು. ಆದರೆ ಹಾಡನ್ನು ಅಳೆಯುವ ಅಳತೆಗೋಲಿಗೆ ಹಾಡಲ್ಲದ್ದು ಸಿಗಲಿಲ್ಲ.

ಏಕತಾನದ ಬಗ್ಗೆಯೂ ಒಂದು ಮಾತು. 'ಸೆಟ್ ದ ಕಂಟ್ರೋಲ್ಸ್'ನಲ್ಲಿ ವಾಟರ್ಸ್‌ನ ಬೇಸ್ ಗಿಟಾರ್ ಒಂದೇ ಎಳೆಯನ್ನು ಬಿಡದೆ ನುಡಿಸುತ್ತದೆ. ಮೇಸನ್ ಕೋಲು ಬಿಟ್ಟು ಮೆತ್ತನೆಯ ಬಡಿಗೆ ಹಿಡಿದು ಡ್ರಮ್ಮುಗಳ ಮೇಲೆ ಉರುಳಿಸುತ್ತಾನೆ. ಜಾಝ್ ವಾದಕ ಚಿಕೊ ಹ್ಯಾಮಿಲ್ಟನ್‌ನಿಂದ ಅದನ್ನು ಕಲಿತೆ ಎಂದು ಅವನೇ ಹೇಳಿಕೊಂಡಿದ್ದಾನೆ. ವಾಟರ್ಸ್ ಪಿಸುಗುಟ್ಟುವ ಸಾಲುಗಳಲ್ಲಿ ಹಲವು ಚೀನಾದ ಟಾಂಗ್ ಕಾಲದ ಕವಿತೆಗಳಿಂದ ಎತ್ತಿಕೊಂಡವು. ಸ್ವರಕ್ರಮ ಬದಲಾಗುವುದಿಲ್ಲ, ಅದೇ ದೋಷ ಎನ್ನುತ್ತಾರೆ. ತಂಬೂರಿಯ ಶ್ರುತಿಯ ಮೇಲೆ ಗಂಟೆಗಟ್ಟಲೆ ಆಲಾಪನೆ ಕೇಳಿ ಬೆಳೆದ ನಮ್ಮ ಕಿವಿಗೆ ಇದನ್ನು ದೋಷವೆಂದು ಒಪ್ಪಿಸುವುದು ಕಷ್ಟ. ತಳ ಅಲುಗದೆ ನಿಂತಾಗ ಮೇಲಿನ ಸಣ್ಣ ಕದಲಿಕೆಯೂ ಕಾಣುತ್ತದೆ. ಇಲ್ಲಿ ರೈಟ್‌ನ ಆರ್ಗನ್ ಹಾಗೆ ಕಾಣುತ್ತದೆ, ನಡುವೆ ಕಡಲಹಕ್ಕಿಗಳಂಥ ದನಿಗಳೂ ಹಾಗೆಯೇ.

ಆಲ್ಬಮ್ಮಿನಲ್ಲಿ ಒಂದು ಹದವಿಲ್ಲ, ಒಂದಕ್ಕೊಂದು ಹೊಂದುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಬಹುಮಟ್ಟಿಗೆ ಒಪ್ಪುತ್ತೇನೆ. 'ಸೀ-ಸಾ' ಇಲ್ಲದಿದ್ದರೂ ನಡೆಯುತ್ತಿತ್ತು. 'ಕಾರ್ಪೊರಲ್ ಕ್ಲೆಗ್' ಬಗ್ಗೆ ಮಾತ್ರ ಅವಸರ ಬೇಡ. ಮರದ ಕಾಲಿನ ಸೈನಿಕನ ಮೇಲಿನ ತಮಾಷೆ ಹಾಡು, ಮಕ್ಕಳ ಪೀಪಿಯಂಥ ಕಜೂ ವಾದ್ಯ, ಹುಚ್ಚು ಗದ್ದಲ ಎಂದು ಅದನ್ನು ಬದಿಗಿಡುತ್ತಾರೆ. ಬರೆದ ವಾಟರ್ಸ್ ಕೈಗೂಸಾಗಿದ್ದಾಗ, 1944ರಲ್ಲಿ, ಅವನ ತಂದೆ ಇಟಲಿಯ ಆಂಜಿಯೋದಲ್ಲಿ ಯುದ್ಧದಲ್ಲಿ ಸತ್ತರು. ಪದಕ ಕೊಟ್ಟು ಕೈತೊಳೆದುಕೊಳ್ಳುವ ಸರಕಾರದ ಮೇಲಿನ ಸಿಟ್ಟು ಆ ಗದ್ದಲದ ಒಳಗಿದೆ.

ಕೊನೆಯ ಹಾಡು 'ಜಗ್‌ಬ್ಯಾಂಡ್ ಬ್ಲೂಸ್' ಬಗ್ಗೆ ಕೇಳುವ ದೂರು ಬೇರೆ ಥರದ್ದು. ಕುಸಿಯುತ್ತಿದ್ದ ಬ್ಯಾರೆಟ್‌ನ ಚೂರೊಂದನ್ನು ಕರುಣೆಗಾಗಿ ಅಂಟಿಸಿದ್ದಾರೆ ಎನ್ನುತ್ತಾರೆ. ಅದನ್ನು ಕಿವಿಗೊಟ್ಟು ಕೇಳಿದವರು ಹೀಗೆ ಹೇಳಲಾರರು. ತಾನು ಇಲ್ಲಿದ್ದೇನೋ ಇಲ್ಲವೋ ಎಂಬುದನ್ನು ಬ್ಯಾರೆಟ್ ಬಹಳ ನಯವಾಗಿ, ಸಭ್ಯವಾಗಿ ಹಾಡುತ್ತಾನೆ. ನಡುವೆ ಸಾಲ್ವೇಶನ್ ಆರ್ಮಿಯ ವಾದ್ಯವೃಂದವನ್ನು ಸ್ಟುಡಿಯೋಗೆ ಕರೆಸಿದ್ದರು. ಅವರು ಮನಬಂದದ್ದನ್ನು ನುಡಿಸಲಿ ಎಂದು ಬ್ಯಾರೆಟ್‌ನ ಹಟ, ಬರೆದುಕೊಟ್ಟದ್ದನ್ನು ನುಡಿಸಲಿ ಎಂದು ಸ್ಮಿತ್ ಅವರ ಹಟ. ಮೆರವಣಿಗೆಯಂಥ ಹಿತ್ತಾಳೆ ವಾದ್ಯಗಳು ಬಂದು, ಕಲಸಿಹೋಗಿ, ಥಟ್ಟನೆ ನಿಲ್ಲುತ್ತವೆ. ಉಳಿಯುವುದು ಒಂದು ಗಿಟಾರ್, ಒಂದು ಕಂಠ. ಇದು ತನ್ನ ಸ್ಥಿತಿಯನ್ನು ನೆಟ್ಟ ಕಣ್ಣಿನಿಂದ ನೋಡಿಕೊಂಡವನ ಹಾಡು, ಮತ್ತು ಅದನ್ನು ಬ್ಯಾಂಡ್ ಬಚ್ಚಿಡದೆ ಕೊನೆಯ ಸ್ಥಾನ ಕೊಟ್ಟು ಇಟ್ಟಿತು. ಅದೇ ಕಾಲದಲ್ಲಿ ಮುದ್ರಿಸಿಕೊಂಡಿದ್ದ ಅವನ 'ವೆಜಿಟಬಲ್ ಮ್ಯಾನ್', 'ಸ್ಕ್ರೀಮ್ ದೈ ಲಾಸ್ಟ್ ಸ್ಕ್ರೀಮ್' ಹೊರಗುಳಿದವು, ಅಧಿಕೃತವಾಗಿ ಹೊರಬಂದದ್ದು 2016ರಲ್ಲಿ. ಅವನ್ನೂ ಸೇರಿಸಬೇಕಿತ್ತು ಎಂಬ ವಾದಕ್ಕೆ ನನ್ನ ವಿರೋಧವಿಲ್ಲ, ಆ ಎರಡು ಹಾಡುಗಳು ನನಗೂ ಇಷ್ಟ.

ಈ ಆಲ್ಬಮ್ಮಿಗೆ ಹೆಚ್ಚಿನ ಅನ್ಯಾಯ ಮಾಡಿದವರು ಅದನ್ನು ಮೆಚ್ಚಿದವರು. 1971ರ 'ಎಕೋಸ್'ಗೆ, ಆಮೇಲೆ 'ಡಾರ್ಕ್ ಸೈಡ್'ಗೆ ಇದು ಪೂರ್ವಸಿದ್ಧತೆ, ಅಷ್ಟರಮಟ್ಟಿಗೆ ಮಹತ್ವದ್ದು ಎಂದು ಅವರು ತಲೆದೂಗುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಹಾಗೆ ಕೇಳಿದವರಿಗೆ ಇದರಲ್ಲಿ ಇರುವುದು ಕೇಳುವುದಿಲ್ಲ, ಮುಂದೆ ಬರುವುದಷ್ಟೇ ಕೇಳುತ್ತದೆ. 'ಡಾರ್ಕ್ ಸೈಡ್'ನಲ್ಲಿ ಎಲ್ಲವೂ ನಯಗೊಂಡಿದೆ, ಒಂದು ಸದ್ದೂ ಆಕಸ್ಮಿಕವಲ್ಲ. 'ಸಾಸರ್‌ಫುಲ್'ನ ಎರಡನೆಯ ಭಾಗದಲ್ಲಿ ಇರುವ ಅಪಾಯ ಅಲ್ಲಿಲ್ಲ. 1971ರಲ್ಲಿ ಪೊಂಪೇಯಿಯ ಪಾಳು ರಂಗಮಂದಿರದಲ್ಲಿ, ಪ್ರೇಕ್ಷಕರೇ ಇಲ್ಲದೆ, ಅದೇ ಕೃತಿಯನ್ನು ನುಡಿಸಿದ್ದನ್ನು ಏಡ್ರಿಯನ್ ಮೇಬೆನ್ ಚಿತ್ರೀಕರಿಸಿದರು. ಬಿಸಿಲಿನಲ್ಲಿ ವಾಟರ್ಸ್ ದೊಡ್ಡ ಜಾಗಟೆಯನ್ನು ಬಾರಿಸುವುದನ್ನು ನೋಡಿದವರಿಗೆ ಅದು ತಯಾರಿ ಎಂದು ತೋರುವುದಿಲ್ಲ, ಅವರು ತಲುಪಿದ್ದ ಜಾಗ ಎಂದೇ ತೋರುತ್ತದೆ.

ಮಾರಾಟದ ಲೆಕ್ಕ ಹೇಳುವವರಿಗೆ ಉತ್ತರ ಚಿಕ್ಕದು. ಬ್ರಿಟನ್ನಿನಲ್ಲಿ ಇದು 9ನೆಯ ಸ್ಥಾನ ತಲುಪಿತು, ಅಮೆರಿಕದಲ್ಲಿ ಬಿಡುಗಡೆಯ ಕಾಲಕ್ಕೆ ಪಟ್ಟಿಗೇ ಬರಲಿಲ್ಲ. ಬ್ಯಾರೆಟ್ ಇದ್ದ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ತಲುಪಿದ್ದು 6ನೆಯ ಸ್ಥಾನ. ಈ ಮೂರು ಸ್ಥಾನಗಳ ಅಂತರದಿಂದ ಒಂದು ಬ್ಯಾಂಡ್ ಮುಗಿಯಿತು ಎಂದು ಹೇಳಲಾಗದು.

ಇದನ್ನು ಮಾಡಿದವರೇ ಮರೆತುಬಿಟ್ಟರು ಎಂಬ ಮಾತೂ ಇದೆ. ಶೀರ್ಷಿಕೆಯ ಕೃತಿಯನ್ನು ಅವರು 1972ರವರೆಗೂ ವೇದಿಕೆಯ ಮೇಲೆ ನುಡಿಸುತ್ತಿದ್ದರು. ಬ್ಯಾಂಡಿನ ಎಲ್ಲ ಆಲ್ಬಮ್ಮುಗಳಲ್ಲೂ ಇದ್ದ ಒಬ್ಬನೇ ಒಬ್ಬ ನಿಕ್ ಮೇಸನ್. ಅವನು ತನ್ನ ಮೆಚ್ಚಿನ ಪಿಂಕ್ ಫ್ಲಾಯ್ಡ್ ಆಲ್ಬಮ್ ಇದೇ ಎಂದಿದ್ದಾನೆ. ಎಪ್ಪತ್ತು ದಾಟಿದ ಮೇಲೆ, 2018ರಲ್ಲಿ, ಅವನು ಹೊಸ ಬ್ಯಾಂಡ್ ಕಟ್ಟಿದ. 'ಡಾರ್ಕ್ ಸೈಡ್'ಗೆ ಹಿಂದಿನ ಕೃತಿಗಳನ್ನಷ್ಟೇ ನುಡಿಸುವ ಆ ಬ್ಯಾಂಡಿಗೆ ಅವನು ಇಟ್ಟ ಹೆಸರು 'ನಿಕ್ ಮೇಸನ್ಸ್ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್'.