ಬಾಣಂತಿಯ ತಲೆನೋವು

ಪಾರ್ಶ್ವವಾಯು ಮುದುಕರ ಕಾಯಿಲೆ ಎಂದು ನಂಬಿದ ಮನೆಗಳಲ್ಲಿ ಬಾಣಂತಿಯ ತಲೆನೋವಿಗೆ ಸಿಗುವ ಮದ್ದು ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹೆರಿಗೆಯಾದ ಮೇಲೆ ಆರು ವಾರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಮಿದುಳಿನಿಂದ ರಕ್ತ ಹೊರಹರಿಯುವ ಅಭಿಧಮನಿಯಲ್ಲೇ ಅದು ಗಟ್ಟಿಯಾಗಿ ನಿಲ್ಲಬಹುದು; ಅದೂ ಪಾರ್ಶ್ವವಾಯುವೇ. ಅದರ ಮೇಲೆ, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಚೊಂಬು ಬಚ್ಚಿಡುವ ಹಿರಿಯರು ಬೇರೆ! ಮೈಯಲ್ಲಿ ನೀರಿನಂಶ ಕುಗ್ಗಿದರೆ ಅಪಾಯ ಇನ್ನಷ್ಟು. ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು: ಇವು ಗಾಳಿ ಸೋಕಿದ್ದಲ್ಲ. ಕೂಡಲೇ ಸ್ಕ್ಯಾನ್ ಆಗಬೇಕು. ಬೇಗ ಪತ್ತೆಯಾದರೆ ಹೆಪಾರಿನ್‌ನಂಥ ಔಷಧದಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಯನ್ನು ಈ ಆರು ವಾರಗಳಲ್ಲಿ ವೈದ್ಯರನ್ನು ಕೇಳದೆ ನುಂಗಬಾರದು. 42 ದಿನಗಳವರೆಗೆ ಮನೆಗೆ ಬಂದು ಮಗುವನ್ನು ತೂಗುವ ಆಶಾ ಕಾರ್ಯಕರ್ತೆಯರು ತಾಯಿಯ ತಲೆನೋವನ್ನೂ ತಪ್ಪದೆ ವಿಚಾರಿಸಲಿ, ಅತ್ತೆಯ ಎದುರಿಗೇ.