ಮುಳುಗಿದ ಸೇತುವೆ ಮತ್ತು ಒಂಬತ್ತನೇ ತರಗತಿಯ ಆರ್ಕಿಮಿಡಿಸ್

ಮಳೆಗಾಲದಲ್ಲಿ ನದಿ ದಂಡೆಯ ಶಾಲೆಗಳಿಗೆ ಪೊಲೀಸರು ಬಂದು ಪ್ರವಾಹದ ಬಗ್ಗೆ ತಿಳಿವಳಿಕೆ ಹೇಳುತ್ತಾರೆ. ಮುಳುಗಿದ ಸೇತುವೆ ದಾಟಬೇಡಿ, ಬ್ಯಾರಿಕೇಡ್ ಸರಿಸಬೇಡಿ, ಸೆಲ್ಫಿಗಾಗಿ ನೀರಿನ ಹತ್ತಿರ ಹೋಗಬೇಡಿ, ತೊಂದರೆಯಾದರೆ 112ಕ್ಕೆ ಕರೆ ಮಾಡಿ. ಒಳ್ಳೆಯ ಕೆಲಸ. ಆದರೆ ಈ ಮಾತುಗಳಿಗೆ ಕಾರಣ ಕೊಡಬೇಕಾದವರು ವಿಜ್ಞಾನ ಶಿಕ್ಷಕರು. ನಾವು ಅದನ್ನು ಮಾಡುತ್ತಿಲ್ಲ ಎಂಬುದು ನನ್ನ ದೂರು.

ಬೋಧನಾ ಅಭ್ಯಾಸಕ್ಕೆ ಹೋಗಿದ್ದ ಘಟಪ್ರಭಾ ದಂಡೆಯ ಶಾಲೆಯಲ್ಲಿ ಇಂಥದೊಂದು ಕಾರ್ಯಕ್ರಮದ ಕೊನೆಗೆ ಹುಡುಗನೊಬ್ಬ ಎದ್ದು ಕೇಳಿದ: “ಟ್ರ್ಯಾಕ್ಟರ್ ದಾಟ್ತೈತಲ್ರೀ ಸರ, ಕಾರ್ ಯಾಕ ದಾಟಂಗಿಲ್ಲ?” ಬಂದಿದ್ದ ಪೇದೆಯವರು ನಕ್ಕು, “ಟ್ರ್ಯಾಕ್ಟರ್ನೂ ದಾಟಿಸಬ್ಯಾಡ್ರಪಾ” ಎಂದರು. ಸಲಹೆ ಸರಿಯಾದದ್ದೇ. ಆದರೆ ಹುಡುಗ ಕೇಳಿದ್ದು ಕಾರಣವನ್ನು.

ಆ ಕಾರಣ ಒಂಬತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಸುಮಾರು 900 ಕಿ.ಗ್ರಾಂ ತೂಕದ ಸಣ್ಣ ಕಾರನ್ನು ತೆಗೆದುಕೊಳ್ಳಿ. ಅದರ ತಳದ ವಿಸ್ತೀರ್ಣ ಸುಮಾರು 5 ಚದರ ಮೀಟರ್ ಎಂದುಕೊಳ್ಳೋಣ. ನೀರು ಕಾರಿನ ತಳ ಮುಟ್ಟಿದ ಮೇಲೆ 10 ಸೆಂ.ಮೀ. ಏರಿದರೆ ಕಾರು ಅರ್ಧ ಘನ ಮೀಟರ್, ಅಂದರೆ 500 ಕಿ.ಗ್ರಾಂ ನೀರನ್ನು ಪಲ್ಲಟಿಸುತ್ತದೆ. ಇನ್ನೊಂದು 8 ಸೆಂ.ಮೀ. ಏರಿದರೆ 900 ಆಯಿತು, ಕಾರು ತೇಲಿತು. ತಳ ನೆಲದಿಂದ 17 ಸೆಂ.ಮೀ. ಎತ್ತರದಲ್ಲಿದ್ದರೂ ಒಟ್ಟು ಆಳ 35 ಸೆಂ.ಮೀ. ಮಾತ್ರ; ದೊಡ್ಡವರ ಮೊಣಕಾಲಿಗೂ ಬರದಷ್ಟು. ಪೂರ್ತಿ ತೇಲುವ ಮೊದಲೇ ಟೈರು ಹಿಡಿತ ಬಿಡುತ್ತದೆ. ಅತ್ತ ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಟ್ರ್ಯಾಕ್ಟರಿನ ಒಡಲು ಎತ್ತರದಲ್ಲಿದೆ, ತೂಕವೂ ಹೆಚ್ಚು. ಆದರೆ ಹಿಂದಿನ ಖಾಲಿ ಟ್ರ್ಯಾಲಿ ಕಬ್ಬಿಣದ ಪೆಟ್ಟಿಗೆಯಷ್ಟೇ, ಅದು ಮೊದಲು ತೇಲುತ್ತದೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಟಬ್, ಮುಚ್ಚಳವಿರುವ ಡಬ್ಬಿ, ಒಳಗೆ ಹಾಕಲು ಮರಳು ಸಾಕು.

ನಮ್ಮ ಪಾಠಯೋಜನೆಗಳ ‘ಅನ್ವಯ’ದ ಅಂಕಣದಲ್ಲಿ ಮಾತ್ರ ಹಡಗು, ಜಲಾಂತರ್ಗಾಮಿ, ಉಪ್ಪುನೀರಿನ ಮೊಟ್ಟೆ. (ಗೋಕಾಕದ ಮಗು ಹಡಗು ನೋಡಿದ್ದು ಚಿತ್ರದಲ್ಲಿ, ಲೋಳಸೂರ ಸೇತುವೆ ಮುಳುಗಿದ್ದನ್ನು ಕಣ್ಣಾರೆ.)

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. 2019ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನಲ್ಲಿ ಬಾಲಕನೊಬ್ಬ ಕೃಷ್ಣೆಯ ನೆರೆ ಹರಿಯುತ್ತಿದ್ದ ಸೇತುವೆಯ ಮೇಲೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ಬಂತು. ಆ ಹುಡುಗನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ವಿಡಿಯೊವನ್ನು ಮೌಲ್ಯಶಿಕ್ಷಣದ ಹೆಸರಿನಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿದರೆ ಮಕ್ಕಳಿಗೆ ಉಳಿಯುವುದು ‘ದಾಟಬಹುದು’ ಎಂಬ ಚಿತ್ರ. ಪೊಲೀಸರ ಅರ್ಧ ಗಂಟೆಯ ಮಾತು ಅದರ ಮುಂದೆ ನಿಲ್ಲುವುದಿಲ್ಲ. ತೋರಿಸುವುದಾದರೆ ಅಲ್ಲೇ ನಿಲ್ಲಿಸಿ, ನೀರಿನ ಆಳ ಎಷ್ಟಿರಬಹುದು, ಇನ್ನು ಒಂದು ಗೇಣು ಏರಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಮಾಡಿಸಬೇಕು.

ಎಚ್ಚರಿಕೆಯನ್ನು ಜನ ನಂಬದಿರುವುದಕ್ಕೂ ಒಂದು ಕಾರಣವಿದೆ. ಊರಲ್ಲಿ ಬಿಸಿಲಿರುತ್ತದೆ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು ಕೊಯ್ನಾದಿಂದ ನೀರು ಬಿಟ್ಟಿರುತ್ತಾರೆ, ಇಲ್ಲಿ ಕೃಷ್ಣೆ ಏರುತ್ತಾಳೆ. ಪೊಲೀಸರು ಡಂಗುರ ಹೊಡೆಸಿದರೆ ‘ಮಳೀನ ಇಲ್ಲ, ಎಲ್ಲಿ ಹೊಳಿ’ ಎನ್ನುತ್ತಾರೆ. ಒಂದು ನಕ್ಷೆ ಹಾಕಿ ಇದನ್ನು ಸಮಾಜ ವಿಜ್ಞಾನದ ಗೆಳೆಯರು ಹತ್ತು ನಿಮಿಷದಲ್ಲಿ ತಿಳಿಸಬಲ್ಲರು.

ನನ್ನ ಸಲಹೆ ಇಷ್ಟೆ. ನೆರೆ ಬರುವ ತಾಲ್ಲೂಕುಗಳಲ್ಲಿ ಅಭ್ಯಾಸಕ್ಕೆ ಹೋಗುವ ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಮೊದಲ ವಾರವೇ ಸ್ಥಳೀಯ ಠಾಣೆಗೆ ಹೋಗಿ, ಯಾವ ಸೇತುವೆ ಮೊದಲು ಮುಳುಗುತ್ತದೆ, ಬ್ಯಾರಿಕೇಡ್ ಯಾವಾಗ ಹಾಕುತ್ತಾರೆ ಎಂದು ಕೇಳಿ ಬರಲಿ. ಪೊಲೀಸರ ಕಾರ್ಯಕ್ರಮದ ಮರುದಿನವೇ ಈ ಪಾಠ ನಡೆಯಲಿ. ಟಬ್ಬಿನ ಪ್ರಯೋಗ, ಲೆಕ್ಕ, ಮಕ್ಕಳ ಪ್ರಶ್ನೆ ಸೇರಿದರೆ ಒಂದು ಅವಧಿ ಸಾಲದು, ಎರಡು ಬೇಕು. ಆ ಎರಡನೆಯ ಅವಧಿಯನ್ನು ನಮ್ಮ ಅಭ್ಯಾಸ ಪಾಠಗಳ ಲೆಕ್ಕಕ್ಕೆ ಹಿಡಿಯುತ್ತೀರಾ ಎಂದು ಮೇಲ್ವಿಚಾರಕರನ್ನು ಇಲ್ಲಿಯೇ ಕೇಳುತ್ತಿದ್ದೇನೆ.